ಲಾಭವಿರುವುದು ಪೆಟ್ಟಿಗೆಯಲ್ಲಲ್ಲ, ಬೀಗದಲ್ಲಿ

ಹೈದರಾಬಾದಿನ ದಿಲ್‌ಸುಖ್‌ನಗರದ ಮುಖ್ಯರಸ್ತೆಯಲ್ಲಿ ಎರಡು ಬಗೆಯ ಗೇಮ್ ಪೆಟ್ಟಿಗೆಗಳು ಕಣ್ಣಿಗೆ ಬೀಳುತ್ತವೆ. ಆಟಿಕೆ ಅಂಗಡಿಯಲ್ಲಿ ತೂಗುಹಾಕಿದ, ಟಿವಿಗೆ ವೈರು ಚುಚ್ಚಿ ಆಡುವ ಚೈನಾ ಮಾಲು ಒಂದು. ಶೋರೂಮಿನ ಗಾಜಿನ ಹಿಂದಿರುವ ಪ್ಲೇಸ್ಟೇಷನ್ 5 ಇನ್ನೊಂದು. ಕೋಚಿಂಗಿಗೆಂದು ರಾಯಚೂರು, ಕಲಬುರಗಿ ಕಡೆಯಿಂದ ಬಂದು ಇಲ್ಲಿನ ಹಾಸ್ಟೆಲುಗಳಲ್ಲಿರುವ ಹುಡುಗರು ಗಾಜಿನ ಹಿಂದಿನ ಬೆಲೆಚೀಟಿ ನೋಡಿ, ಕಂಪನಿ ಎಷ್ಟು ಬಾಚಿಕೊಳ್ಳುತ್ತದಪ್ಪ ಅಂದುಕೊಳ್ಳುವುದು ಸಹಜ. ಆದರೆ ಮಾರಿದ ಗಳಿಗೆಯಲ್ಲೇ ಲಾಭ ಗಿಟ್ಟುವುದು ಆ ಅಗ್ಗದ ಪೆಟ್ಟಿಗೆಯಲ್ಲಿ.

ಅದರ ಸ್ಕ್ರೂ ಬಿಚ್ಚಿದರೆ ಒಳಗೆ ಅಂಗೈಗಿಂತ ಚಿಕ್ಕ ಬೋರ್ಡು, ನಡುವೆ ಗಟ್ಟಿಯಾದ ಕಪ್ಪು ಅಂಟಿನ ಒಂದು ಬೊಟ್ಟು, ಅಷ್ಟೇ. ಆ ಬೊಟ್ಟಿನ ಅಡಿಯಲ್ಲಿ ನಿಂಟೆಂಡೊ 1983ರಲ್ಲಿ ತಂದ ಫ್ಯಾಮಿಕಾಮ್ ಯಂತ್ರದ ಮಿದುಳೆಲ್ಲ ಒಂದೇ ಚಿಪ್ಪಿನಲ್ಲಿ ಅಡಗಿದೆ. ಸಂಶೋಧನೆಯ ಖರ್ಚು ಯಾರದೋ, ಆಟಗಳೂ ಯಾರವೋ. ಮುಂದೆ ಇದರಿಂದ ಹುಟ್ಟುವ ಆದಾಯ ಏನೂ ಇಲ್ಲದ್ದರಿಂದ ಗಲ್ಲಾಪೆಟ್ಟಿಗೆಯಲ್ಲೇ ಲಾಭ ಎಣಿಸಿಕೊಳ್ಳಬೇಕು.

ಸೋನಿಯ ದುಬಾರಿ ಪೆಟ್ಟಿಗೆಯ ಹಳೆಯ ಮಾದರಿ, ಪ್ಲೇಸ್ಟೇಷನ್ 3ರ ಕಥೆ ಇದಕ್ಕೆ ತದ್ವಿರುದ್ಧ. 2006ರ ನವೆಂಬರಿನಲ್ಲಿ ಅಮೆರಿಕದಲ್ಲಿ ಅದರ ಬೆಲೆ 499 ಮತ್ತು 599 ಡಾಲರ್. ಐಸಪ್ಲೈ ಸಂಸ್ಥೆ ಯಂತ್ರವನ್ನು ಬಿಚ್ಚಿ ಬಿಡಿಭಾಗಗಳ ಲೆಕ್ಕ ಹಾಕಿದಾಗ ತಯಾರಿಕೆಯ ವೆಚ್ಚವೇ ಸುಮಾರು 805 ಮತ್ತು 840 ಡಾಲರ್ ಎಂದು ಅಂದಾಜಾಯಿತು. ಆ ಆರ್ಥಿಕ ವರ್ಷ ಸೋನಿಯ ಗೇಮ್ ವಿಭಾಗ ಕಳೆದುಕೊಂಡದ್ದು 23,000 ಕೋಟಿ ಯೆನ್‌ಗಿಂತ ಹೆಚ್ಚು.

ಹೊಸ ಬ್ಲೂ-ರೇ ಲೇಸರಿನ ಜೊತೆಗೆ, ದುಬಾರಿಯಾದದ್ದು ಆ ಯಂತ್ರದ ‘ಸೆಲ್’ ಚಿಪ್. ಚಿಪ್‌ಗಳನ್ನು ಒಂದೊಂದಾಗಿ ಮಾಡುವುದಿಲ್ಲ. ತಟ್ಟೆಯಲ್ಲಿ ಹೊಯ್ದ ಮೈಸೂರು ಪಾಕನ್ನು ಕತ್ತರಿಸುವಂತೆ ಸಿಲಿಕಾನ್ ಬಿಲ್ಲೆಯಿಂದ ಕತ್ತರಿಸುತ್ತಾರೆ. ಎಲ್ಲಾದರೂ ಕಸ ಬಿದ್ದಿದ್ದರೆ ಆ ತುಂಡು ವ್ಯರ್ಥ. ತುಂಡು ದೊಡ್ಡದಾದಷ್ಟೂ ಹಾಳಾಗುವ ಪಾಲು ಹೆಚ್ಚು. ಸೋನಿ ಇದಕ್ಕೆ ಕಂಡುಕೊಂಡ ಉಪಾಯ ನನಗೆ ಬಹಳ ಮೆಚ್ಚುಗೆ: ಸೆಲ್‌ನಲ್ಲಿ ಎಂಟು ಸಹಾಯಕ ಗಣಕಗಳನ್ನು ಕೆತ್ತಿ, ಬಳಸಿದ್ದು ಏಳನ್ನು ಮಾತ್ರ. ಒಂದು ಕೆಟ್ಟಿದ್ದರೂ ಚಿಪ್ ಎಸೆಯಬೇಕಿಲ್ಲ. ಮುಂದೆ ಕೆತ್ತನೆ 90 ನ್ಯಾನೊಮೀಟರಿನಿಂದ 65ಕ್ಕೆ, ಆಮೇಲೆ 45ಕ್ಕೆ ಇಳಿಯಿತು. ಒಂದೇ ಬಿಲ್ಲೆಯಲ್ಲಿ ಹೆಚ್ಚು ಚಿಪ್ ಸಿಕ್ಕವು. 2009ರಲ್ಲಿ ತೆಳ್ಳಗಿನ ಮಾದರಿ 299 ಡಾಲರಿಗೆ ಬಂತು.

ಅಲ್ಲಿಯವರೆಗೆ ನಷ್ಟ ತಡೆದುಕೊಳ್ಳಲು ಧೈರ್ಯ ಕೊಟ್ಟದ್ದು ಬೀಗ. ಕಂಪನಿಯ ಒಪ್ಪಿಗೆಯ ಗುರುತಿಲ್ಲದ ಆಟವನ್ನು ಯಂತ್ರ ಓಡಿಸುವುದೇ ಇಲ್ಲ. ಒಪ್ಪಿಗೆ ಬೇಕಾದರೆ ಆಟ ಮಾಡಿದವರು ಪಾಲು ಕೊಡಬೇಕು. ನಿಂಟೆಂಡೊ 1985ರಲ್ಲಿ ಅಮೆರಿಕಕ್ಕೆ ಕಳಿಸಿದ ಯಂತ್ರದಲ್ಲೇ ಇಂಥ ಬೀಗದ ಚಿಪ್ ಇತ್ತು. ಈಗ ಆನ್‌ಲೈನ್ ಮಾರಾಟದಲ್ಲಿ ಆ ಪಾಲು ಸಾಮಾನ್ಯವಾಗಿ ಶೇ. 30. ಎಕ್ಸ್‌ಬಾಕ್ಸ್ ಯಂತ್ರದ ಮಾರಾಟದಿಂದ ಎಂದೂ ಲಾಭ ಬಂದಿಲ್ಲ ಎಂದು ಮೈಕ್ರೋಸಾಫ್ಟಿನ ಲೋರಿ ರೈಟ್ 2021ರಲ್ಲಿ ನ್ಯಾಯಾಲಯದಲ್ಲೇ ಸಾಕ್ಷಿ ಹೇಳಿದರು. ಅಮೆರಿಕದ ವಾಯುಪಡೆ 1,760 ಪ್ಲೇಸ್ಟೇಷನ್ 3ಗಳನ್ನು ಜೋಡಿಸಿ ಸೂಪರ್‌ಕಂಪ್ಯೂಟರ್ ಕಟ್ಟಿತ್ತು. ಒಂದು ಆಟವನ್ನೂ ಕೊಳ್ಳದ ಇಂಥ ಗಿರಾಕಿಯಿಂದ ಸೋನಿಗೆ ಏನು ಬಂತು?

ನಮ್ಮ ಊರುಗಳಲ್ಲಿ ಪ್ಲೇಸ್ಟೇಷನ್ 2ರ ಬೀಗವನ್ನು ‘ಚಿಪ್ ಹಾಕಿಸಿ’ ಮುರಿಯುವುದೇ ವಾಡಿಕೆಯಾಗಿತ್ತು. ಫುಟ್‌ಪಾತಿನ ಕಳ್ಳ ಡಿವಿಡಿ ಆಮೇಲೆ ಸಲೀಸಾಗಿ ಓಡುತ್ತಿತ್ತು. ಜಪಾನಿನ ಕಂಪನಿಗಷ್ಟೇ ಹೊಡೆತ ಎಂದು ಜನ ತಿಳಿದಿದ್ದರು. ಆದರೆ ಅದೇ ಯಂತ್ರಕ್ಕೆ 2009ರಲ್ಲಿ ‘ಹನುಮಾನ್: ಬಾಯ್ ವಾರಿಯರ್’ ಮಾಡಿದ ಅರೋನಾ, ‘ದೇಸಿ ಅಡ್ಡಾ’ ಮಾಡಿದ ಗೇಮ್‌ಶಾಸ್ತ್ರ, ಎರಡೂ ಹೈದರಾಬಾದಿನವೇ. ಕಳ್ಳಮಾಲಿನ ಪೇಟೆಯಲ್ಲಿ ದುಡ್ಡು ಕೊಟ್ಟು ಆಟ ಕೊಳ್ಳುವವರೇ ಕಡಿಮೆಯಾದರೆ ನಮ್ಮ ಹುಡುಗರ ದುಡಿಮೆಗೂ ಬೆಲೆ ಸಿಗುವುದಿಲ್ಲ. ನನಗೆ ಬೇಸರ ಅದೇ.

ಬೆಲೆ ಇಳಿಯಲೆಂದು ಕಾಯುವವರಿಗೆ ಒಂದು ಮಾತು. ಪ್ಲೇಸ್ಟೇಷನ್ 5 ಭಾರತಕ್ಕೆ 2021ರ ಫೆಬ್ರವರಿಯಲ್ಲಿ 49,990 ರೂಪಾಯಿಗೆ ಬಂತು; 2022ರ ನವೆಂಬರಿನಲ್ಲಿ 54,990 ಆಯಿತು. ಕೆತ್ತನೆ 7ರಿಂದ 6 ನ್ಯಾನೊಮೀಟರಿಗೆ ಇಳಿದರೂ ಹಿಂದಿನಂತೆ ಅಗ್ಗವಾಗಲಿಲ್ಲ. ಹೊಸ ತಲೆಮಾರಿನ ಬಿಲ್ಲೆಗಳೇ ದುಬಾರಿ. ಹೆಚ್ಚು ಚಿಪ್ ಸಿಕ್ಕಿ ಉಳಿದದ್ದನ್ನು ಬಿಲ್ಲೆಯ ಬೆಲೆಯೇ ನುಂಗುತ್ತಿದೆ.