ಕರಡಿಯಿಂದ ರಕ್ಷಣೆಗೆ ಯಾವ ಕೈಬಂದೂಕು?

ಅಲಾಸ್ಕಾದ ಕಾಡುಗಳಿಗೆ ಚಾರಣಕ್ಕೋ ಮೀನು ಹಿಡಿಯಲೋ ಹೋಗುವವರಲ್ಲಿ ಹಲವರು ಸೊಂಟದಲ್ಲಿ ಕೈಬಂದೂಕು ಇಟ್ಟುಕೊಳ್ಳುವುದುಂಟು. ಅಲ್ಲಿನ ಕಂದು ಕರಡಿಯ ಓಟದ ವೇಗ ಗಂಟೆಗೆ ಸುಮಾರು 50 ಕಿ.ಮೀ. ದಪ್ಪ ಚರ್ಮ, ಕೊಬ್ಬು, ಸ್ನಾಯು, ಗಟ್ಟಿ ಮೂಳೆಗಳನ್ನು ದಾಟಬೇಕಾದ್ದರಿಂದ ಗುಂಡು ಆಳಕ್ಕೆ ಇಳಿಯುವುದೇ ಮುಖ್ಯ. ಮೈಗೆ ತಾಗಿದೊಡನೆ ಅರಳುವ ಗುಂಡಿಗಿಂತ, ಆಕಾರ ಕೆಡದ ಗಟ್ಟಿ ಸೀಸದ ಮಿಶ್ರಲೋಹದ ಗುಂಡನ್ನು ಆರಿಸುವುದು ಇದಕ್ಕಾಗಿಯೇ.

ಹೆಚ್ಚು ಬಳಕೆಯಲ್ಲಿರುವವು ಎರಡು ಬಗೆ. 1955ರಲ್ಲಿ ಬಂದ .44 ಮ್ಯಾಗ್ನಂ ರಿವಾಲ್ವರ್‌ನ ಪೆಟ್ಟು ಜೋರು. ಆದರೆ ಹಿಡಿಸುವುದು ಐದಾರು ಗುಂಡು, ಹಿಂದೊದೆತವೂ ಹೆಚ್ಚು. 10 ಮಿ.ಮೀ. ಪಿಸ್ತೂಲಿನ ಬಲ ಕಡಿಮೆಯಾದರೂ ಕೆಲವು ಮಾದರಿಗಳಲ್ಲಿ 15 ಗುಂಡು ಹಿಡಿಸುತ್ತವೆ. ಎರಡನೆಯ ಗುಂಡನ್ನು ಬೇಗ ಹಾರಿಸಬಹುದು. ಯಾವುದೇ ಆದರೂ ಕೈಗೆ ಪಳಗಿರಬೇಕು, ತಟ್ಟನೆ ಸಿಗುವಂತಿರಬೇಕು.

ಮೆಣಸಿನ ಖಾರದಂಶವಿರುವ ಕರಡಿ ಸ್ಪ್ರೇ ಇನ್ನೊಂದು ಉಪಾಯ. ಅಲಾಸ್ಕಾದ ಘಟನೆಗಳನ್ನು ಪರಿಶೀಲಿಸಿದ, 2008ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ ಕಂದು ಕರಡಿಗಳ ವಿರುದ್ಧ ಬಳಸಿದಾಗ ಅದು ಶೇ. 92ರಷ್ಟು ಸಂದರ್ಭಗಳಲ್ಲಿ ಫಲಿಸಿತ್ತು. ಸ್ಪ್ರೇ ಬಳಸಲು ಗುರಿಕಾರಿಕೆ ಅಷ್ಟಾಗಿ ಬೇಡ. ಆದರೆ ಎದುರುಗಾಳಿಯಲ್ಲಿ ಅದರ ಶಕ್ತಿ ಕುಂದುತ್ತದೆ.