ಗುಲಗಂಜಿ ಹುಳುವಿನ ಬೆನ್ನೇರಿದ ಶಿಲೀಂಧ್ರ

ಅಲಸಂದೆಯ ಕುಡಿಗಳಿಗೆ ಹೇನು ಮುತ್ತಿದಾಗ ಅವುಗಳ ನಡುವೆ ಕೆಂಪು ಇಲ್ಲವೆ ಹಳದಿ ಮೈಯ, ಕಪ್ಪು ಗುರುತಿನ ಪುಟ್ಟ ಗುಂಡು ಹುಳುಗಳು ಓಡಾಡುವುದನ್ನು ನೀವು ನೋಡಿಯೇ ಇರುತ್ತೀರಿ. ಇವೇ ಗುಲಗಂಜಿ ಹುಳುಗಳು. ಇವೂ ಇವುಗಳ ಮರಿಹುಳುಗಳೂ ಹೇನುಗಳನ್ನು ತಿಂದು ಬದುಕುವುದರಿಂದ ರೈತನಿಗೆ ಮಿತ್ರಕೀಟಗಳು. ಆದರೆ ಈ ಹುಳುವಿನ ಮೈಮೇಲೆಯೇ ಮನೆ ಮಾಡಿಕೊಂಡಿರುವ ಶಿಲೀಂಧ್ರವೊಂದಿದೆ ಎಂಬ ಸಂಗತಿ ಬಹಳ ಮಂದಿಗೆ ತಿಳಿಯದು.

ಶಿಲೀಂಧ್ರ ಎಂದೊಡನೆ ಭತ್ತದ ಬೆಂಕಿರೋಗವೋ ಬೂದಿರೋಗವೋ ನೆನಪಿಗೆ ಬರುತ್ತದೆ. ಕಾಫಿ ಬೆಳೆಗಾರರಾದರೆ ಕಾಯಿಕೊರಕ ದುಂಬಿಯ ಮೇಲೆ ಸಿಂಪಡಿಸುವ ಬವೇರಿಯಾವನ್ನು ನೆನೆಯುತ್ತೀರಿ. ಬವೇರಿಯಾ ಕೀಟದ ಒಳಹೊಕ್ಕು, ಮೈತುಂಬ ಹಬ್ಬಿ, ಅದನ್ನು ಕೊಂದು, ಬಳಿಕ ಬಿಳಿ ಬೂಷ್ಟಾಗಿ ಹೊರಗೆ ಕಾಣಿಸಿಕೊಳ್ಳುತ್ತದೆ. ನಾವು ಹೇಳುತ್ತಿರುವ ಶಿಲೀಂಧ್ರದ ರೀತಿಯೇ ಬೇರೆ. ಇದು ಬೂಷ್ಟಿನಂತೆ ಎಳೆ ಎಳೆಯಾಗಿ ಹಬ್ಬುವುದಿಲ್ಲ. ಅಂಟಂಟಾದ ಒಂದು ಬೀಜಾಣು ಹುಳುವಿನ ಮೈಗೆ ಅಂಟಿದರೆ ಅಲ್ಲೇ ಒಂದು ಹಳದಿ-ಹಸಿರು ಕಡ್ಡಿಯಂತೆ ಎದ್ದು ನಿಲ್ಲುತ್ತದೆ. ಅದರ ಉದ್ದ ಒಂದು ಮಿ.ಮೀ. ಸಹ ಇರದು. ಬುಡದಿಂದ ಬೇರಿನಂತಹ ಮೊಳೆಯನ್ನು ಹುಳುವಿನ ಚರ್ಮದೊಳಕ್ಕೆ ಇಳಿಸಿ ಆಹಾರ ಹೀರುತ್ತದೆ. ಹುಳು ಜೀವಂತವಾಗಿದ್ದರೇನೇ ಇದರ ಬಾಳು. ಆದ್ದರಿಂದ ಬವೇರಿಯಾದಂತೆ ಬೇಗನೆ ಕೊಲ್ಲುವುದು ಇದರ ಪದ್ಧತಿಯಲ್ಲ.

ಈ ಬಳಗಕ್ಕೆ ಲಬುಲ್ಬೇನಿಯೇಲಿಸ್ ಎಂದು ಹೆಸರು. ಲಬುಲ್ಬೆನ್ ಎಂಬ ಫ್ರೆಂಚ್ ಕೀಟತಜ್ಞನ ಗೌರವಾರ್ಥ 1853ರಲ್ಲಿ ಮೊದಲ ಕುಲಕ್ಕೆ ಇಟ್ಟ ಹೆಸರು ಇಡೀ ಬಳಗಕ್ಕೆ ನಿಂತಿತು. ಇದರಲ್ಲಿ ಈಗ 2,000ಕ್ಕೂ ಹೆಚ್ಚು ಜಾತಿಗಳಿವೆ. ಬಹುಪಾಲು ದುಂಬಿಗಳ ಮೇಲೆಯೇ ಇರುತ್ತವೆ. ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾನಿಲಯದ ರೋಲಂಡ್ ಥಾಕ್ಸ್ಟರ್ ಎಂಬ ವಿಜ್ಞಾನಿ 1891ರಲ್ಲಿ ಕ್ಯಾಲಿಫೋರ್ನಿಯದ ಒಂದು ಗುಲಗಂಜಿ ಹುಳುವಿನ ಮೇಲೆ ಸಿಕ್ಕಿದ ಶಿಲೀಂಧ್ರವನ್ನು ಹೆಸ್ಪೆರೊಮೈಸಿಸ್ ವೈರೆಸೆನ್ಸ್ ಎಂದು ಕರೆದ. ಆಮೇಲೆ ಬೇರೆ ಬೇರೆ ದೇಶಗಳಲ್ಲಿ, ಹತ್ತಾರು ಜಾತಿಯ ಗುಲಗಂಜಿ ಹುಳುಗಳ ಮೇಲೆ ಇಂಥದು ಕಂಡಾಗಲೆಲ್ಲ ಅದೇ ಹೆಸರು ಬರೆದುಕೊಂಡು ಬಂದರು.

ಇಷ್ಟರಲ್ಲಿ ಒಂದು ದೊಡ್ಡ ಪ್ರಮಾದ ನಡೆದಿತ್ತು. ಚೀನಾ, ಜಪಾನ್ ಕಡೆಯ ಹಾರ್ಲೆಕ್ವಿನ್ ಎಂಬ ಗುಲಗಂಜಿ ಹುಳು ಹೇನು ತಿನ್ನುವುದರಲ್ಲಿ ಮಹಾ ಚುರುಕು. ಅದನ್ನು 1916ರಿಂದ ಅಮೆರಿಕದಲ್ಲೂ 1980ರ ದಶಕದಿಂದ ಯೂರೋಪಿನಲ್ಲೂ ತಂದು ಬಿಟ್ಟರು. ಅಮೆರಿಕದಲ್ಲಿ 1988ರ ಹೊತ್ತಿಗೆ ಅದು ತಾನೇ ತಾನಾಗಿ ಬೇರೂರಿತು; 2004ರಲ್ಲಿ ಬ್ರಿಟನ್ನಿನಲ್ಲೂ ಕಾಣಿಸಿಕೊಂಡಿತು. ಹೇನು ಮುಗಿದರೆ ಊರ ಗುಲಗಂಜಿ ಹುಳುಗಳ ಮೊಟ್ಟೆ, ಮರಿಗಳನ್ನೇ ತಿನ್ನತೊಡಗಿತು. ಬ್ರಿಟನ್, ಬೆಲ್ಜಿಯಂಗಳಲ್ಲಿ ಎರಡು ಚುಕ್ಕೆಯ ಗುಲಗಂಜಿ ಹುಳು ಗಣನೀಯವಾಗಿ ಕಡಿಮೆಯಾಯಿತು. ದ್ರಾಕ್ಷಿ ಗೊಂಚಲುಗಳಲ್ಲಿ ಅಡಗಿ, ಹಣ್ಣಿನೊಡನೆ ಅರೆದುಹೋಗಿ, ದ್ರಾಕ್ಷಾರಸದ ವಾಸನೆಯನ್ನೂ ಕೆಡಿಸಿತು.

ಈ ಹುಳುವಿನ ಮೇಲೂ ಆ ಶಿಲೀಂಧ್ರ ಹತ್ತಿತು. ಒಂದು ಹುಳುವಿನ ಮೈ ಇನ್ನೊಂದಕ್ಕೆ ತಾಗಿದಾಗ ಇದು ಹರಡುತ್ತದೆ. ಜೋಡಿಯಾಗುವ ಕಾಲದಲ್ಲಿ ಗಂಡಿನ ಹೊಟ್ಟೆಯ ಕಡೆ, ಹೆಣ್ಣಿನ ಬೆನ್ನಿನ ಕಡೆ ಹೆಚ್ಚಾಗಿರುವುದೇ ಇದಕ್ಕೆ ಸಾಕ್ಷಿ! ಚಳಿಗಾಲದಲ್ಲಿ ನೂರಾರು ಹುಳುಗಳು ಒತ್ತೊತ್ತಾಗಿ ಗುಂಪುಗೂಡಿದಾಗಲೂ ಅಂಟಿಕೊಳ್ಳುತ್ತದೆ. ಇದು ಊರ ಹುಳುಗಳಿಗೂ ದಾಟೀತೆ ಎಂಬುದೇ ಮುಖ್ಯ ಪ್ರಶ್ನೆಯಾಯಿತು.

ಬೆಲ್ಜಿಯಂನ ಡ್ಯಾನಿ ಹಾಲೆವಾಟರ್ಸ್ ಮತ್ತು ಸಂಗಡಿಗರು ಆಕಾರವನ್ನೂ ಡಿ.ಎನ್.ಎ.ಯನ್ನೂ ಹೋಲಿಸಿ ನೋಡಿದಾಗ, ಒಂದೇ ಎಂದುಕೊಂಡಿದ್ದ ಹೆಸರಿನಡಿ ಹಲವು ಜಾತಿಗಳು ಅಡಗಿರುವುದು ತಿಳಿದುಬಂದಿತು. ಹಾರ್ಲೆಕ್ವಿನ್ ಹುಳುವಿನ ಮೇಲಿರುವ ಜಾತಿಗೆ 2022ರಲ್ಲಿ ಹೆಸ್ಪೆರೊಮೈಸಿಸ್ ಹಾರ್ಮೋನಿಯೆ ಎಂದು ಹೊಸ ಹೆಸರಾಯಿತು. ಅದರ ಆಸರೆ ಆ ಒಂದೇ ಹುಳು. ಹಾಗಾದರೆ ಇದನ್ನು ಬೆಳೆಸಿ ಹಾರ್ಲೆಕ್ವಿನ್ ಹಾವಳಿಯನ್ನು ತಡೆಯಬಾರದೇಕೆ ಎಂದು ನೀವು ಕೇಳಬಹುದು. ಬವೇರಿಯಾದಂತೆ ಅಕ್ಕಿಯ ಮೇಲೆ ಬೆಳೆಸಿ ಪೊಟ್ಟಣ ಕಟ್ಟಲು ಇದು ಒಗ್ಗದು. ಜೀವಂತ ಹುಳುವೇ ಇದರ ಹೊಲ. ಹತೋಟಿಯ ಆಸೆಯನ್ನು ಇದರ ಮೇಲೆ ಇಡುವುದು ಸದ್ಯಕ್ಕೆ ತರವಲ್ಲ.

ನಮ್ಮಲ್ಲೂ ಹೊರಗಿನಿಂದ ತಂದ ಗುಲಗಂಜಿ ಹುಳುವಿದೆ. ಆಸ್ಟ್ರೇಲಿಯದ ಕ್ರಿಪ್ಟೊಲೀಮಸ್ ಹುಳುವನ್ನು 1898ರಲ್ಲಿ ದಕ್ಷಿಣ ಭಾರತಕ್ಕೆ ಕಾಫಿಯ ಹಸಿರು ಶಲ್ಕಕೀಟಕ್ಕೆಂದು ತಂದರು. ಈಗ ದ್ರಾಕ್ಷಿ, ಕಾಫಿ ತೋಟಗಳಲ್ಲಿ ಹಿಟ್ಟುತಿಗಣೆಯ ಮೇಲೆ ಬಿಡುತ್ತಾರೆ. ಇದರ ಮರಿಹುಳುವಿನ ಮೈತುಂಬ ಬಿಳಿ ಮೇಣದ ಕುಚ್ಚುಗಳಿರುತ್ತವೆ. ಹಿಟ್ಟುತಿಗಣೆಯೆಂದೋ ಬೂಷ್ಟು ಹಿಡಿದ ಹುಳುವೆಂದೋ ತಪ್ಪು ತಿಳಿದು ಔಷಧಿ ಹೊಡೆದುಬಿಡುವುದುಂಟು. ಕಡ್ಡಿಯಿಂದ ಮುಟ್ಟಿ ನೋಡಿರಿ: ಚುರುಕಾಗಿ ನಡೆದರೆ ಅದು ನಿಮ್ಮ ಮಿತ್ರ.

ಬವೇರಿಯಾ ಕೊಳ್ಳುವವರೂ ಒಂದು ಮಾತು ಗಮನಿಸಬೇಕು. ಅದು ಒಂದೇ ಹುಳುವಿಗೆ ಕಟ್ಟುಬಿದ್ದ ಶಿಲೀಂಧ್ರವಲ್ಲ, ಗುಲಗಂಜಿ ಹುಳುಗಳನ್ನೂ ಕೊಲ್ಲಬಲ್ಲದು. ಹೇನಿನ ನಡುವೆ ಈ ಹುಳುಗಳು ಧಾರಾಳವಾಗಿದ್ದರೆ ಸಿಂಪರಣೆಯನ್ನು ಕೆಲವು ದಿನ ಮುಂದೂಡಿ ನೋಡಿರಿ. ಓಡಾಡುವ ಹುಳುವಿನ ಬೆನ್ನ ಮೇಲೆ ಹಳದಿ-ಹಸಿರು ಕುಚ್ಚು ಕಂಡರೆ ಯಾವ ಔಷಧಿಯೂ ಬೇಡ. ಅಂಥ ಒಂದೆರಡು ಹುಳುಗಳನ್ನು ಒಣಗಿದ ಬೆಂಕಿಪೆಟ್ಟಿಗೆಯಲ್ಲಿ ಹಾಕಿ, ಊರು, ಬೆಳೆ, ತಾರೀಖು ಬರೆದು ಹತ್ತಿರದ ಕೃಷಿ ವಿಜ್ಞಾನ ಕೇಂದ್ರದ ಕೀಟತಜ್ಞರಿಗೆ ತಲುಪಿಸಿರಿ.