ಪುರಸಭೆ ಚುನಾವಣೆ: ನಿಮ್ಮ ಓಟು ಯಾರಿಗೆ?

ಪುರಸಭೆ ಚುನಾವಣೆ ಬಂತೆಂದರೆ ಬೀದಿಗೇ ಒಂದು ಕಳೆ. ಐದು ವರ್ಷ ಇತ್ತ ತಲೆ ಹಾಕದವರೂ ಬಾಗಿಲಿಗೆ ಬಂದು, "ಅಕ್ಕಾ, ನಮ್ಮನ್ನ ಮರೀಬೇಡಿ" ಎಂದು ಕೈ ಮುಗಿಯುತ್ತಾರೆ. ಒಲೆಯ ಮೇಲಿನ ಹಾಲು ಉಕ್ಕೀತೆಂಬ ಅವಸರದಲ್ಲಿ ನೀವು "ಆಗಲಿ, ಹೋಗಿಬನ್ನಿ" ಅಂದುಬಿಡುತ್ತೀರಿ. "ಯಾರಿಗೆ ಹಾಕಿದರೇನು, ಎಲ್ಲಾ ಅಷ್ಟೇ. ಮನೆಯವರು ಹೇಳಿದ ಗುರುತಿಗೆ ಹಾಕಿ ಬಂದರಾಯಿತು" ಎಂಬುದು ನಮ್ಮಲ್ಲಿ ಅನೇಕರ ಮಾತು.

ಆದರೆ ಸಂತೆಯಲ್ಲಿ ನೀವು ಬೆಂಡೆಕಾಯಿಯ ತುದಿ ಮುರಿದು ನೋಡದೆ ಕೊಳ್ಳುತ್ತೀರಾ? ಎರಡು ದಿನದ ಪಲ್ಯಕ್ಕೆ ಅಷ್ಟು ಜಾಗ್ರತೆ ಇರುವಾಗ, ಐದು ವರ್ಷದ ಸದಸ್ಯರನ್ನು ಆರಿಸಲು ಇನ್ನೆಷ್ಟು ಬೇಕು!

ಇದು ನಮ್ಮದೇ ಚುನಾವಣೆ

ನಲ್ಲಿ ನೀರು, ಚರಂಡಿ, ಕಸ, ಬೀದಿ ದೀಪ, ವಾರ್ಡಿನ ರಸ್ತೆ, ಮನೆ ಕಂದಾಯ - ಇವೆಲ್ಲ ಪುರಸಭೆಯ ಕೆಲಸ. ನೀರು ಬಾರದಿದ್ದರೆ ಕೊಡ ಹಿಡಿದು ನಿಲ್ಲುವವರು ಯಾರು? ಕೊಳಾಯಿಗೆ ಚರಂಡಿ ನೀರು ಸೇರಿ ಮಗುವಿಗೆ ವಾಂತಿ ಭೇದಿಯಾದರೆ ರಾತ್ರಿಯಿಡೀ ಎದ್ದು ಕೂರುವವರು ಯಾರು? ನಾವೇ ತಾನೆ?

20 ಸಾವಿರದಿಂದ 50 ಸಾವಿರ ಜನಸಂಖ್ಯೆಯ ಊರಿಗೆ ಪುರಸಭೆ. ಒಂದು ವಾರ್ಡಿನಲ್ಲಿ ಇರುವವರು ಹೆಚ್ಚೆಂದರೆ ಒಂದೆರಡು ಸಾವಿರ ಜನ. ಇಲ್ಲಿ ಹತ್ತು ಓಟೂ ಗೆಲುವನ್ನು ತಿರುಗಿಸಬಲ್ಲವು. ನಿಮ್ಮ ಬೀದಿಯ ಹೆಂಗಸರು ಒಟ್ಟಾದರೆ ಸಾಕು!

ಏನು ಕೇಳಬೇಕು?

ಮೊದಲು, ಆತನೋ ಆಕೆಯೋ ಈ ಮೊದಲು ಮಾಡಿದ್ದೇನು ಎಂದು ವಿಚಾರಿಸಿ. ಸೋತವರಾದರೂ ಪರವಾಗಿಲ್ಲ, ಚರಂಡಿ ಕಟ್ಟಿಕೊಂಡಾಗ ಬಂದು ನಿಂತವರು ಯಾರೆಂದು ನೆರೆಹೊರೆಯವರಿಗೆ ಗೊತ್ತಿರುತ್ತದೆ.

ಎರಡನೆಯದು, ಭರವಸೆಯನ್ನು ಅಳೆದು ನೋಡಿ. "ರೇಷನ್ ಕಾರ್ಡ್ ಮಾಡಿಸಿಕೊಡ್ತೀನಿ, ಕಾಲೇಜು ತರ್ತೀನಿ" ಎಂದರೆ ಅವು ಪುರಸಭೆಯ ಕೈಯಲ್ಲಿಲ್ಲ. "ನಮ್ಮ ಬೀದಿಗೆ ನೀರು ಎಷ್ಟು ದಿನಕ್ಕೊಮ್ಮೆ ಬರುತ್ತೆ, ಗೊತ್ತೇನಪ್ಪಾ?" ಎಂದು ಕೇಳಿ. ತಡವರಿಸಿದರೆ ಅಲ್ಲೇ ಉತ್ತರ ಸಿಕ್ಕಿತು.

ಮೂರನೆಯದು, ಅಭ್ಯರ್ಥಿಯು ನಾಮಪತ್ರದ ಜೊತೆ ತನ್ನ ಆಸ್ತಿ, ಸಾಲ, ವಿದ್ಯಾಭ್ಯಾಸ, ಮೊಕದ್ದಮೆಗಳ ವಿವರವನ್ನು ಪ್ರಮಾಣ ಮಾಡಿ ಬರೆದುಕೊಡಬೇಕು. ಅದನ್ನು ನೋಡುವ ಹಕ್ಕು ನಿಮಗಿದೆ. ಓದು ಬಲ್ಲ ಮಗಳಿದ್ದರೆ ಅವಳಿಗೆ ಹೇಳಿ ನೋಡಿಸಿ.

ಮಹಿಳಾ ಸ್ಥಾನವೆಂದರೆ

1993ರಲ್ಲಿ ಜಾರಿಗೆ ಬಂದ ಸಂವಿಧಾನದ 74ನೇ ತಿದ್ದುಪಡಿಯಿಂದ ಪಟ್ಟಣಗಳ ಸಭೆಗಳಲ್ಲಿ ಮೂರರಲ್ಲಿ ಒಂದು ಪಾಲಿಗೆ ಕಡಿಮೆಯಿಲ್ಲದಂತೆ ಸ್ಥಾನ ಹೆಂಗಸರಿಗೆ ಮೀಸಲಾಯಿತು. ಆದರೆ ಹೆಸರು ಹೆಂಡತಿಯದು, ಅಧಿಕಾರ ಗಂಡನದು ಎಂಬಂತಾದರೆ ಬಂದ ಭಾಗ್ಯವೇನು? ಮಹಿಳಾ ಅಭ್ಯರ್ಥಿ ಬಂದಾಗ ಆಕೆಯನ್ನೇ ಮಾತಾಡಿಸಿ. ಪಕ್ಕದಲ್ಲಿರುವ ಯಜಮಾನರು ಬಾಯಿ ಹಾಕಿದರೆ, "ಇರಿ, ಅವರೇ ಹೇಳಲಿ" ಅನ್ನಿ. ಮೊದಲ ಸಲ ನಿಂತವಳು ಸ್ವಲ್ಪ ಅಂಜಿದರೆ ತಪ್ಪೇನಿಲ್ಲ. ಕಲಿಯುವ ಮನಸ್ಸಿದೆಯೇ ಎಂಬುದನ್ನು ನೋಡಿ.

ಸೀರೆ, ಕುಕ್ಕರ್ ಬಂದರೆ?

ಓಟಿಗಾಗಿ ಕೊಡುವುದೂ ಅಪರಾಧ, ತೆಗೆದುಕೊಳ್ಳುವುದೂ ಅಪರಾಧ. ಅದಲ್ಲದೆ ಲೆಕ್ಕ ಹಾಕಿ ನೋಡಿ: ಐನೂರು ರೂಪಾಯಿಯ ಸೀರೆಯನ್ನು ಐದು ವರ್ಷಕ್ಕೆ ಹಂಚಿದರೆ ದಿನಕ್ಕೆ ಮೂವತ್ತು ಪೈಸೆಯೂ ಬೀಳದು! ಕೊಟ್ಟವರು ಆ ಹಣವನ್ನು ಎಲ್ಲಿಂದ ವಾಪಸು ಪಡೆಯುತ್ತಾರೆ? ನಿಮ್ಮ ಬೀದಿಯ ಚರಂಡಿಯ ದುಡ್ಡಿನಿಂದಲೇ.

ಮನೆಯಲ್ಲಿ ಎಲ್ಲರೂ ಕೂತು ಮಾತಾಡಿ, ಗಂಡಸರ ಅಭಿಪ್ರಾಯವನ್ನೂ ಕೇಳಿ. ಆದರೆ ಮತ ಗುಪ್ತವಾದದ್ದು. ಕೊನೆಯ ತೀರ್ಮಾನ ನಿಮ್ಮದೇ. ಮತದಾರರ ಪಟ್ಟಿಯಲ್ಲಿ ಹೆಸರಿದೆಯೇ ಎಂದು ಈಗಲೇ ನೋಡಿಕೊಳ್ಳಿ. ಮದುವೆಯಾಗಿ ಬಂದ ಸೊಸೆಯ ಹೆಸರನ್ನು ಸೇರಿಸಲು ಮರೆಯಬೇಡಿ. ಅಂದು ಬೆಳಗಿನ ತಿಂಡಿಗೆ ಉಪ್ಪಿಟ್ಟು ಸಾಕು. ಬೇಗ ಮುಗಿಸಿ, ಪಕ್ಕದ ಮನೆಯವರನ್ನೂ ಕರೆದುಕೊಂಡು ಹೊರಡಿ.